ಕೆಂಪು ಮುಚ್ಚಳ ಕೊನೆಗೆ

"ಇದರೊಳಗೆ ಏನು ತುಂಬಿದ್ದೀರಿ?"

ಠಪ್ಪೆಂದು ಬಾಟಲಿಯೊಂದು ಮೇಜಿನ ಮೇಲೆ ಬಂದು ಕೂತಿತು. ಕಪ್ಪು ಬಾಟಲಿ, ಕೆಂಪು ಮುಚ್ಚಳ. ಪೆನ್ನಿನ ಡಬ್ಬ ಮಗುಚಿ, ಪೆನ್ನುಗಳೆಲ್ಲ ನೆಲಕ್ಕುರುಳಿದವು.

ಅವಳ ಕಿವಿಗೆ ಫೋನು ಅಂಟಿಕೊಂಡಿತ್ತು. ಆ ಕಡೆಯಿಂದ ಟ್ಯಾಕ್ಸಿ ಓಡಿಸುವವರೊಬ್ಬರು ಬೈಯುತ್ತಲೇ ಇದ್ದರು. ಅವಳಿಗೆ ಅದೊಂದೂ ಕೇಳಿಸಲಿಲ್ಲ. ಎದುರು ನಿಂತವನ ದನಿ ಕಿವಿಗೆ ಬಿದ್ದ ಕ್ಷಣವೇ ಅವಳ ಗಮನವೆಲ್ಲ ಆ ಕಡೆ ತಿರುಗಿತ್ತು.

ಈ ದನಿ... ಇದು ಅವರದ್ದಲ್ಲವಾ?

ಮೆಲ್ಲಗೆ ತಲೆ ಎತ್ತಿದಳು. ಎತ್ತರದ ಆಳು. ಮಡಚಿದ ತೋಳಿನ ಬೂದು ಅಂಗಿ, ಮೊಣಕೈವರೆಗೂ ಒಣಗಿದ ಬಿಳಿ ಪುಡಿ. ಕಣ್ಣಲ್ಲಿ ಕೋಪ ಕುದಿಯುತ್ತಿತ್ತು.

"ಶೆಡ್ಡಿನವರಾ?" ಎಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನೀವೇನಾ... ಮೇಡಂ?"

ವರ್ಷಗಟ್ಟಲೆ, ವಾರಕ್ಕೊಮ್ಮೆ ತಪ್ಪದೆ ಫೋನಿನಲ್ಲಿ ಮಾತಾಡಿದವರು ಇವರು. ಮುಖ ಮುಖ ನೋಡಿಕೊಂಡದ್ದು ಇದೇ ಮೊದಲು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಸಿಗಲಿಲ್ಲ, ಏನು ಮಾಡುವುದು!

ಅವಳ ಕೆಲಸವೇ ಫೋನು. ಅರಳು ಹುರಿದ ಹಾಗೆ ಮಾತಾಡುತ್ತಾಳೆ ಎಂದು ಮನೆಯಲ್ಲಿ ಚಿಕ್ಕಂದಿನಿಂದ ಅವಳನ್ನು ಕರೆಯುವುದೇ 'ಅರಳು' ಎಂದು. ಅವಳನ್ನು ಸಾಕಿದ ದೊಡ್ಡಪ್ಪ ಕಾರಿಗೆ ಹಚ್ಚುವ ಪಾಲಿಶ್ ತಯಾರಿಸುತ್ತಿದ್ದರು. ಹಿತ್ತಿಲಲ್ಲಿ ಒಲೆ ಹಚ್ಚಿ, ಮೇಣ ಕರಗಿಸಿ, ಕೈಯಾರೆ ಡಬ್ಬಿ ತುಂಬಿ ಶುರು ಮಾಡಿದ ಕಂಪನಿ. ಹೆಸರು 'ಕನ್ನಡಿ'. ಗ್ರಾಹಕರ ಫೋನಿಗೆ ಉತ್ತರ ಕೊಡಲು ಅರಳುವಿಗಿಂತ ಇನ್ಯಾರು ಬೇಕು!

ಹೊಸ ಗ್ರಾಹಕರು ಯಾರೇ ಫೋನ್ ಮಾಡಿದರೂ ಅವಳು ಹೇಳುತ್ತಿದ್ದ ಪಾಠ ಒಂದೇ. "ನೀಲಿ ಮುಚ್ಚಳದ್ದು ಮೊದಲು, ಕೆಂಪು ಮುಚ್ಚಳದ್ದು ಕೊನೆಗೆ. ನೀಲಿ ಉಜ್ಜುತ್ತೆ, ಕೆಂಪು ಹೊಳೆಸುತ್ತೆ. ಅಷ್ಟೇ ನೆನಪಿಟ್ಕೊಳ್ಳಿ, ಸಾಕು."

ಊರಾಚೆ ಕಾರು ತೊಳೆದು ಪಾಲಿಶ್ ಮಾಡುವ ಶೆಡ್ ಇಟ್ಟುಕೊಂಡಿದ್ದ ಇವನಿಗೂ ಮೊದಲ ದಿನ ಅದನ್ನೇ ಹೇಳಿದ್ದಳು. ಆಮೇಲೆ ಪ್ರತಿ ವಾರ ಅವನ ಫೋನು. ಮಾತಿನ ಹಿಂದೆ ಬಟ್ಟೆ ಉಜ್ಜುವ ಸದ್ದು, ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು. ಒಮ್ಮೆ ಶೀತವಾಗಿ ಅವಳ ದನಿ ಕೂತುಹೋಗಿತ್ತು. ಅಂದಿನಿಂದ ಅವನು ಆರ್ಡರ್ ಹೇಳುವ ಮೊದಲು ಕೇಳುವ ಪ್ರಶ್ನೆಯೂ ಒಂದೇ ಆಯಿತು.

"ಗಂಟಲು ಹೇಗಿದೆ, ಮೇಡಂ?"

ಆ ಒಂದು ಪ್ರಶ್ನೆಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು ಎನ್ನುವುದು ಅಕ್ಕನನ್ನು ಬಿಟ್ಟು ಬೇರಾರಿಗೂ ಗೊತ್ತಿರಲಿಲ್ಲ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ಚುರುಕು ಹೆಣ್ಣು. ಹಳೆಯ ತಗಡಿನ ಡಬ್ಬಿ, 'ಕನ್ನಡಿ' ಎಂಬ ಹೆಸರು ಎಲ್ಲವನ್ನೂ ಬದಲಾಯಿಸಬೇಕೆಂದು ಹಟ ಹಿಡಿದವಳು ಅವಳೇ. ಈಗ ಡಬ್ಬಿ ಹೋಗಿ ಕಪ್ಪು ಬಾಟಲಿ ಬಂದಿತ್ತು. ಹೆಸರು 'ಲ್ಯೂಝೋ'. ಬಾಟಲಿಗಳು ಅಂಗಡಿಗೆ ಹೋದ ದಿನದಿಂದ ಅರಳುವಿನ ಫೋನಿಗೆ ಉಸಿರಾಡಲೂ ಬಿಡುವಿರಲಿಲ್ಲ.

"ಲೂಸೋ ಅಂತ ಯಾರಾದ್ರೂ ಹೆಸರಿಡ್ತಾರೇನಮ್ಮ? ಅಂಗಡಿಯಲ್ಲಿ ಕೇಳೋಕೆ ನಾಚಿಕೆ ಆಗುತ್ತೆ!"

"ಡಬ್ಬಿ ಖಾಲಿ ಆದ್ಮೇಲೆ ಮೊಳೆ ಹಾಕಿಡ್ತಿದ್ದೆ. ಈ ಬಾಟಲಿ ತಗೊಂಡು ಏನು ಮಾಡ್ಲಿ?"

"ಶಾಂಪೂ ಅಂತ ನಮ್ಮನೆಯವರು ತಲೆಗೆ ಹಾಕ್ಕೊಂಡ್ರು, ಏನಾದ್ರೂ ಆಗುತ್ತಾ?"

ಎಲ್ಲರಿಗೂ ಅವಳ ಉತ್ತರ ಸಿದ್ಧವಿತ್ತು. "ಬಾಟಲಿ ಬದಲಾಗಿದೆ ಅಷ್ಟೇ. ಒಳಗಿರೋದು ಅದೇ ಪಾಲಿಶ್. ನನ್ನ ಮಾತು ನಂಬಿ."

ಅವನಿಗೂ ಅದನ್ನೇ ಹೇಳಿದ್ದಳು. ಅಷ್ಟೇ ಅಲ್ಲ, ಒಂದು ಹೆಜ್ಜೆ ಮುಂದೆ ಹೋಗಿ, "ನೀವೇ ಮೊದಲು ಹಾಕಿ ನೋಡಿ ಹೇಳ್ಬೇಕು" ಎಂದಿದ್ದಳು.

ಅವನು ಈಗ ಹೇಳಲು ಬಂದಿದ್ದ.

"ಕಪ್ಪು ಕಾರು ಮೇಡಂ, ಡ್ರೈವಿಂಗ್ ಟೀಚರಮ್ಮಂದು," ಎಂದ. ದನಿ ಕೊಂಚ ಇಳಿದಿತ್ತು. "ನನಗೆ ಸ್ಟಿಯರಿಂಗ್ ಹಿಡಿಯೋದು ಕಲಿಸಿದವರು. ಶೆಡ್ಡೊಳಗೆ ನೋಡಿದಾಗ ಫಳಫಳ ಅಂತಿತ್ತು. ಬಿಸಿಲಿಗೆ ತೆಗೆದ್ರೆ, ಬಾನೆಟ್ ಪೂರ್ತಿ ಗೆರೆ ಗೆರೆ. ಜೇಡರ ಬಲೆ! ನಾಲ್ಕು ಜನರ ಮುಂದೆ ಅವರು ಏನಂದ್ರು ಗೊತ್ತಾ? 'ನನ್ನ ಕಾರಿಗೆ ವಯಸ್ಸಾಗಿದೆ ಅಂತ ಗೊತ್ತಪ್ಪ, ಸುಕ್ಕು ಯಾಕೆ ಬರಿಸಿದೆ?' ಅಂದ್ರು."

ಬೇರೆ ಹೊತ್ತಾಗಿದ್ದರೆ ಅರಳು ನಕ್ಕುಬಿಡುತ್ತಿದ್ದಳು. ಆದರೆ ತಮ್ಮ ಗಾಜಿನ ಕೋಣೆಯ ಬಾಗಿಲು ತೆರೆದು ದೊಡ್ಡಪ್ಪ ಹೊರಗೆ ಬಂದು ನಿಂತಿದ್ದರು. ಬೆಳಿಗ್ಗೆ ತಾನೇ ಅವರು ಎಲ್ಲರನ್ನೂ ಕೂರಿಸಿಕೊಂಡು, ಗ್ರಾಹಕರ ಮುಂದೆ ಯಾರೂ ತಪ್ಪು ಒಪ್ಪಿಕೊಳ್ಳಬಾರದು, ಲೇಬಲ್ ನೋಡಿ ಅನ್ನಿ ಸಾಕು ಎಂದು ತಾಕೀತು ಮಾಡಿದ್ದರು.

ಅವಳು ಒಮ್ಮೆ ಹಿಂದಿರುಗಿ ನೋಡಿದಳು. ಬಾಯಿಂದ ಬಂದದ್ದು ಕಲಿತ ಮಾತು.

"ಬಳಸುವ ವಿಧಾನ ಲೇಬಲ್ ಮೇಲೆ ಬರೆದಿದೆ... ಸರ್."

"ಸರ್?"

ಅವನು ಅವಳನ್ನೇ ನೋಡಿದ. ಕೋಪ ಹೋಗಿ ಆ ಕಣ್ಣಲ್ಲಿ ಬೇರೇನೋ ಬಂದಿತ್ತು. ಅದನ್ನು ನೋಡುವುದಕ್ಕಿಂತ ಕೋಪವನ್ನೇ ನೋಡಬಹುದಿತ್ತು ಎನಿಸಿತು ಅವಳಿಗೆ.

"ನಿಮ್ಮ ಮಾತು ನಂಬಿ ಹಾಕಿದೆ," ಎಂದ. "ಲೇಬಲ್ ನಂಬಿ ಅಲ್ಲ."

ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅಯ್ಯೋ, ಹೋಗಬೇಡಿ! ಅವಳ ಎದೆ ಕೂಗಿತು. ಕಿವಿಯಲ್ಲಿದ್ದ ಫೋನಿನಿಂದ ಟ್ಯಾಕ್ಸಿಯವರು, "ಹಲೋ, ಇದ್ದೀರಾ?" ಎನ್ನುತ್ತಿದ್ದರು.

ಅವನ ಫೋನು ಬರುವ ವಾರದ ದಿನ ಬಂತು. ಫೋನು ಬರಲಿಲ್ಲ.

ಅರಳು ಕುರ್ಚಿಯಲ್ಲಿ ಕೂರುವಳು, ಏಳುವಳು. ಕಿಟಕಿಯ ಬಳಿ ಹೋಗುವಳು, ಫೋನು ಸದ್ದಾದರೆ ಓಡಿಬರುವಳು. ಎತ್ತಿಕೊಂಡರೆ ಯಾವುದೋ ಷೋರೂಮಿನವರು. ಕೂತಾಗ ಮೊಣಕಾಲು ತಾನಾಗಿ ಕುಣಿಯುತ್ತಿತ್ತು. ಪಕ್ಕದ ಮೇಜಿನಲ್ಲಿದ್ದ ಅಕ್ಕನಿಗೆ ಸಾಕುಸಾಕಾಯಿತು.

"ಕಾಲು ನಿಲ್ಲಿಸೇ! ಮೇಜೆಲ್ಲ ನಡುಗ್ತಿದೆ."

"ಅಕ್ಕ, ಅವರು ಇನ್ನು ಮಾಡಲ್ವಾ?"

"ಬೇರೆ ಕಂಪನಿ ಪಾಲಿಶ್ ಹಿಡಿದಿರ್ತಾರೆ. ಗ್ರಾಹಕರು ಅಂದ್ರೆ ಅಷ್ಟೇ ಕಣೇ. ನೀನು ಸುಮ್ನೆ ಇಲ್ಲದ್ದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ."

ಗ್ರಾಹಕರು ಅಂದರೆ ಅಷ್ಟೇನಾ? ಹಾಗಾದರೆ ಗಂಟಲು ಹೇಗಿದೆ ಎಂದು ಕೇಳುತ್ತಿದ್ದದ್ದು?... ಅದೂ ಬರೀ ಆರ್ಡರಿನ ಜೊತೆ ಬಂದ ಮಾತೇನಾ?

ತಾನೇ ಅವನ ನಂಬರಿಗೆ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಮಾನ ಬಿಟ್ಟು ಮೂರನೇ ಸಲ ಮಾಡಿದಳು. ಊಹೂಂ.

ಅಂದು ಮಧ್ಯಾಹ್ನ ಕಂಪನಿಯ ಲೈನಿಗೆ ಒಂದು ಫೋನು ಬಂತು. ಯಾವುದೋ ಹೊಸ ನಂಬರು. ಆ ಕಡೆ ಮಾತೇ ಇಲ್ಲ.

"ಹಲೋ? ಹೇಳಿ... ಹೆಸರು ಇಷ್ಟ ಆಗ್ಲಿಲ್ಲ ಅಂದ್ರೆ ಬೈದುಬಿಡಿ, ಪರವಾಗಿಲ್ಲ. ಅಭ್ಯಾಸ ಆಗಿದೆ."

ಮೌನ. ಕಟ್ ಆಯಿತು.

ಮರುದಿನ ಮತ್ತೆ. ಅದೇ ನಂಬರು, ಅದೇ ಮೌನ. ಯಾರೋ ತಲೆಹರಟೆಯವರು ಎಂದುಕೊಂಡಳು.

ಈ ನಡುವೆ ದೂರುಗಳ ಬಣ್ಣ ಬದಲಾಗತೊಡಗಿತ್ತು. ಹೆಸರು, ಬಾಟಲಿ ಎಂದು ಗೊಣಗುತ್ತಿದ್ದವರು ಕಡಿಮೆಯಾಗಿ, ಗೆರೆ ಬಿತ್ತು, ಮಂಕಾಯ್ತು ಎನ್ನುವವರು ಹೆಚ್ಚಾದರು. ವಿಚಿತ್ರವೆಂದರೆ ಅವಳನ್ನು ಕೇಳದೆ, ಅಂಗಡಿಯಿಂದಲೇ ಬಾಟಲಿ ಕೊಂಡು ಹಾಕಿದ ಹೊಸಬರು ಖುಷಿಯಾಗಿದ್ದರು! ಮೊನ್ನೆ ಮೊದಲ ಕಾರು ಕೊಂಡವರೊಬ್ಬರು, "ಸೂಪರ್ ಆಗಿದೆ ಮೇಡಂ" ಎಂದಿದ್ದರು. ಬೈಯುತ್ತಿದ್ದವರೆಲ್ಲ ಹಳಬರು. ಕಣ್ಣು ಮುಚ್ಚಿ ಪಾಲಿಶ್ ಹಾಕಬಲ್ಲ ಪಳಗಿದ ಕೈಗಳು.

ಪಾಲಿಶ್ ಕೆಟ್ಟಿದ್ದರೆ ಹೊಸಬರ ಕಾರಿಗೂ ಗೆರೆ ಬೀಳಬೇಕಿತ್ತಲ್ಲ?

ಅಷ್ಟರಲ್ಲಿ ಟ್ಯಾಕ್ಸಿಯವರ ಫೋನು ಬಂತು. ಅಂದು ಅರ್ಧಕ್ಕೆ ನಿಂತ ಬೈಗುಳ ಮುಗಿಸಲು ಮಾಡಿದ್ದರು.

"ಅಣ್ಣ, ಒಂದು ನಿಮಿಷ," ಎಂದಳು ಅರಳು. "ನೀವು ಹೇಗೆ ಹಾಕಿದ್ರಿ ಅಂತ ಬಿಡಿಸಿ ಹೇಳ್ತೀರಾ?"

"ಹೇಗೆ ಅಂದ್ರೆ? ನೀವೇ ಹೇಳಿಕೊಟ್ಟಿದ್ದಲ್ವೇನಮ್ಮ! ನೀಲಿ ಮುಚ್ಚಳದ್ದು ಮೊದಲು, ಕೆಂಪು ಮುಚ್ಚಳದ್ದು ಕೊನೆಗೆ."

ಅವಳ ಮೊಣಕಾಲು ಗಕ್ಕನೆ ನಿಂತಿತು.

ಅವನು ಬಿಟ್ಟುಹೋದ ಬಾಟಲಿ ಇನ್ನೂ ಮೇಜಿನ ಮೇಲೇ ಇತ್ತು. ಎಸೆಯಲು ಮನಸ್ಸಾಗಿರಲಿಲ್ಲ. ಎಳೆದುಕೊಂಡು ಓದಿದಳು. ಕೆಂಪು ಮುಚ್ಚಳದ ಕೆಳಗೆ ಬಿಳಿ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: 'ಗಟ್ಟಿ ಉಜ್ಜುಗೆ. ಮೊದಲ ಹಂತ.'

ಮೊದಲ ಹಂತ!

ಹಳೆಯ ಡಬ್ಬಿಯಲ್ಲಿ ಕೆಂಪು ಕೊನೆಗೆ. ಹೊಸ ಬಾಟಲಿಯಲ್ಲಿ ಕೆಂಪು ಮೊದಲು. ಉಜ್ಜುವ ಪಾಲಿಶ್ ಗೀರನ್ನು ತೆಗೆಯಲೆಂದೇ ಒರಟಾಗಿರುತ್ತದೆ. ಅದನ್ನು ಕೊನೆಗೆ ಹಚ್ಚಿದರೆ ಅದರ ಗೆರೆಗಳು ಹಾಗೇ ಉಳಿಯುತ್ತವೆ. ಹೊಸಬರು ಲೇಬಲ್ ಓದಿ ಹಚ್ಚಿದ್ದರು. ಒದ್ದೆ ಕೈಯಲ್ಲಿ, ಮಬ್ಬು ಬೆಳಕಿನಲ್ಲಿ, ಒಂದು ಕಣ್ಣು ಕಾರಿನ ಮೇಲಿಟ್ಟು ಕೆಲಸ ಮಾಡುವವರು ಅಕ್ಷರ ಓದುತ್ತಾರೆಯೇ? ಅವರ ಕೈ ಮುಚ್ಚಳದ ಬಣ್ಣ ನೋಡಿಯೇ ಹೋಗುತ್ತದೆ. ಆ ಬಣ್ಣವನ್ನು ಅವರ ಕೈಗೆ ಕಲಿಸಿದವಳು ಯಾರು?

ನಾನೇ... ನಾನೇ ಅಲ್ಲವಾ!

ಬಾಟಲಿ ಹಿಡಿದುಕೊಂಡು ಗಾಜಿನ ಕೋಣೆಗೆ ನುಗ್ಗಿದಳು. ದೊಡ್ಡಪ್ಪನೂ ಅಕ್ಕನೂ ಅಲ್ಲೇ ಇದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದಳು.

ದೊಡ್ಡಪ್ಪ ಕನ್ನಡಕ ತೆಗೆದರು. "ಲೇಬಲ್ ಮೇಲೆ ಇದೆಯಲ್ಲಮ್ಮ. ಓದದೆ ಇರೋದು ಅವರ ತಪ್ಪು. ಈಗ ನಾವಾಗಿ ಹೇಳಿದ್ರೆ ಊರೆಲ್ಲ ನಗುತ್ತೆ."

ಅಕ್ಕನ ಮುಖ ಕೆಂಪಾಗಿತ್ತು. "ಕೆಂಪು ಅಂದ್ರೆ ಜೋರು, ಹುಷಾರು ಅಂತ ಅರ್ಥ ಬರ್ಲಿ ಅಂತ ಹಾಗೆ ಮಾಡಿದ್ದು. ನಿನಗೂ ತೋರಿಸಿದ್ನಲ್ಲೇ! ಚೆನ್ನಾಗಿದೆ ಅಕ್ಕ ಅಂದವಳು ನೀನೇ!"

"ಅಂದೆ ಅಕ್ಕ. ಚಿತ್ರ ನೋಡಿ ಚೆಂದ ಇದೆ ಅಂದೆ. ಹಗಲೂ ರಾತ್ರಿ ನೀಲಿ ಮೊದಲು ಅಂತ ಒದರೋ ನನಗೇ ಹೊಳೀಲಿಲ್ಲ. ನಿನ್ನೊಬ್ಬಳದ್ದೇ ತಪ್ಪು ಅಂತ ನಾನೆಲ್ಲಿ ಹೇಳಿದೆ?" ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಆದ್ರೆ ನನ್ನ ಮಾತು ನಂಬಿ ಅಂತ ಅಷ್ಟೂ ಜನಕ್ಕೆ ಹೇಳಿದ್ದು ನಾನು. ಅವರು ನಂಬಿದ್ರು ದೊಡ್ಡಪ್ಪ. ಈಗ ಓದದೆ ಇದ್ದದ್ದು ನಿಮ್ಮ ತಪ್ಪು ಅಂತ ಅದೇ ಬಾಯಲ್ಲಿ ಹೇಗೆ ಹೇಳ್ಲಿ?"

ದೊಡ್ಡಪ್ಪ ಕನ್ನಡಕ ಒರೆಸತೊಡಗಿದರು. ಹಿತ್ತಿಲಲ್ಲಿ ಮೇಣ ಕರಗಿಸುತ್ತಿದ್ದ ಕಾಲದಲ್ಲಿ, ಡಬ್ಬಿ ಸರಿಯಿಲ್ಲವೆಂದು ಯಾರಾದರೂ ಅಂದರೆ ಸೈಕಲ್ ತುಳಿದುಕೊಂಡು ಅವರ ಮನೆಗೇ ಹೋಗುತ್ತಿದ್ದ ಮನುಷ್ಯ ಅವರು. ಅದು ಅವರಿಗೂ ನೆನಪಾಗಿರಬೇಕು. ಕನ್ನಡಕ ಒರೆಸುತ್ತಲೇ ಇದ್ದರು, ಅದು ಎಷ್ಟೋ ಹೊತ್ತಿನ ಹಿಂದೆಯೇ ಶುಭ್ರವಾಗಿತ್ತು.

ಅಕ್ಕ ಸಿಟ್ಟಿನಿಂದಲೇ ಮೇಜಿನ ಮೇಲಿದ್ದ ಇನ್ನೊಂದು ಬಾಟಲಿಯ ನೀಲಿ ಮುಚ್ಚಳ ತಿರುಗಿಸಿ ತೆಗೆದಳು. ಅರಳು ಇಟ್ಟದ್ದರ ಕೆಂಪು ಮುಚ್ಚಳವನ್ನೂ ತೆಗೆದಳು. ಎರಡನ್ನೂ ಅದಲುಬದಲು ಮಾಡಿ ಹಾಕಿದಳು. ಸಲೀಸಾಗಿ ಕೂತವು.

"ಅಳತೆ ಒಂದೇ," ಎಂದಳು. ಸಿಟ್ಟು ಅರ್ಧ ಇಳಿದಿತ್ತು. "ಬಾಟಲಿ ಪೂರ್ತಿ ಕಪ್ಪು. ಬಣ್ಣ ಇರೋದು ಮುಚ್ಚಳಕ್ಕೆ ಮಾತ್ರ. ಅಪ್ಪ, ಅಂಗಡೀಲಿ ಇರೋದನ್ನೆಲ್ಲ ವಾಪಸ್ ತರಿಸಿ ಮುಚ್ಚಳ ಬದಲಾಯಿಸೋಣ. ಮೇಲೆ ದಪ್ಪಗೆ ಒಂದು, ಎರಡು ಅಂತಾನೂ ಬರೆಸ್ತೀನಿ."

"ಮನೆಗೆ ತಗೊಂಡು ಹೋದವರು?"

"ಅವರಿಗೆ ಇವಳು ಹೇಳ್ತಾಳೆ. ಇವಳ ಬಾಯಿ ಇರೋದು ಯಾಕೆ?"

ದೊಡ್ಡಪ್ಪ ಕೊನೆಗೂ ಕನ್ನಡಕ ಹಾಕಿಕೊಂಡರು. "ಹೇಳೋದಾದ್ರೆ ತಪ್ಪಾಯ್ತು ಅಂತಾನೇ ಹೇಳು. ಅರ್ಧಂಬರ್ಧ ಬೇಡ."

ಅರಳು ಆ ಸಂಜೆ, ಮರುದಿನ, ಅದರ ಮರುದಿನ ಕೂಡ ಫೋನು ಕೆಳಗಿಡಲಿಲ್ಲ. "ತಪ್ಪು ನಮ್ಮದು, ಮುಚ್ಚಳ ಅದಲುಬದಲು ಮಾಡ್ಕೊಳ್ಳಿ" ಎಂದು ಒಬ್ಬೊಬ್ಬರಿಗೂ ಹೇಳಿದಳು. ಕೆಲವರು ಬೈದರು, ಕೆಲವರು ನಕ್ಕರು. ಟ್ಯಾಕ್ಸಿಯವರಂತೂ, "ಹೇಳಿದ್ರಲ್ಲ, ಬಿಡಿ. ಹೆಸರು ಮಾತ್ರ ಲೂಸೇ" ಎಂದರು.

ಎಲ್ಲರೂ ಎತ್ತಿದರು, ಅವನೊಬ್ಬನನ್ನು ಬಿಟ್ಟು.

ಆ ಮೂರನೆಯ ದಿನದ ಸಂಜೆ ಮತ್ತೆ ಮೌನದ ಫೋನು ಬಂತು. ಈ ಸಲ ಅವಳೂ ಸುಮ್ಮನಿದ್ದಳು. ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ಆಗ ಕೇಳಿಸಿತು. ದೂರದಲ್ಲಿ ಟಪ್... ಟಪ್... ಬಕೆಟ್ಟಿಗೆ ನೀರು ತೊಟ್ಟಿಕ್ಕುವ ಸದ್ದು.

ಅವಳು ನೆಟ್ಟಗೆ ಕೂತಳು. "ಶೆಡ್ಡಿನವರೇ?"

ಕಟ್!

ನನ್ನ ಮೇಲೆ ಕೋಪ ಇರುವವರು ನನ್ನ ದನಿ ಕೇಳಲು ಯಾಕೆ ಫೋನ್ ಮಾಡುತ್ತಾರೆ? ಇವರು ಬೈಯುವುದಿಲ್ಲ, ಬಿಡುವುದೂ ಇಲ್ಲ... ಯಾಕೆ?

ಬೆಳಗಾಗುವವರೆಗೂ ಆ 'ಯಾಕೆ' ಅವಳನ್ನು ಮಗ್ಗುಲು ಬದಲಾಯಿಸುವಂತೆ ಮಾಡುತ್ತಲೇ ಇತ್ತು.

ಬೆಳಿಗ್ಗೆ ಅವಳು ಕೇಳುವ ಮೊದಲೇ ಅಕ್ಕ ಸ್ಕೂಟರಿನ ಕೀಲಿ ಎಸೆದಳು. "ಹೋಗಿ ಬಾ. ನೀನಿಲ್ಲಿ ಇದ್ರೂ ಇಲ್ಲದ ಹಾಗೇ ಇದೆ. ಫೋನ್ ನಾನು ನೋಡ್ಕೊಳ್ತೀನಿ."

"ನೀನಾ? ಜನ ಓಡಿಹೋಗ್ತಾರೆ ಅಕ್ಕ."

"ಹೋಗೇ ಸಾಕು!"

ವಿಳಾಸ ಅವಳಿಗೆ ಬಾಯಿಪಾಠ. ಅವನಿಗೆ ಕಳಿಸುವ ಪ್ರತಿ ಡಬ್ಬಿಯ ಮೇಲೂ ಅಂಟಿಸುತ್ತಿದ್ದ ಚೀಟಿ ಅವಳ ಕೈಬರಹದ್ದೇ. ಊರ ಹೊರಗಿನ ರಸ್ತೆ, ಟೈರಿನಂಗಡಿ, ಅದರ ಪಕ್ಕ ತಗಡಿನ ಛಾವಣಿಯ ಶೆಡ್. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ಬಾಗಿಲ ಬಳಿ ಬಂದಾಗ ಒಂದೂ ನೆನಪಿರಲಿಲ್ಲ.

ಒಳಗೆ ಒಂದು ಕಪ್ಪು ಕಾರು, ಟೀಚರಮ್ಮಂದೇ ಇರಬೇಕು. ಅವನು ಬಾನೆಟ್ಟಿನ ಮೇಲೆ ಬಾಗಿ ಉಜ್ಜುತ್ತಿದ್ದ. ಹೆಜ್ಜೆ ಸದ್ದಿಗೆ ತಿರುಗಿದವನ ಕೈಯಿಂದ ಬಟ್ಟೆ ಜಾರಿತು.

"ನೀವು... ಇಲ್ಲಿ?"

"ಫೋನ್ ಎತ್ತದಿದ್ದವರನ್ನ ಹುಡುಕ್ಕೊಂಡು ಬಂದೆ," ಎಂದಳು. ಆಮೇಲೆ ಅರಳು ಹುರಿದೇ ಹುರಿದಳು. "ತಪ್ಪು ನಮ್ಮದು. ಮುಚ್ಚಳದ ಬಣ್ಣ ಉಲ್ಟಾ ಆಗಿತ್ತು. ನೀಲಿ ಮೊದಲು ಕೆಂಪು ಕೊನೆಗೆ ಅಂತ ನಿಮಗೆ ಕಲಿಸಿದ್ದೇ ನಾನು, ನನಗೇ ಗೊತ್ತಾಗ್ಲಿಲ್ಲ. ಅವತ್ತು ದೊಡ್ಡಪ್ಪ ಹಿಂದೆ ನಿಂತಿದ್ರು, ಅದಕ್ಕೆ ಲೇಬಲ್ ಅಂದೆ, ಸರ್ ಅಂದೆ. ಸರ್ ಅಂದಿದ್ದು ಮಾತ್ರ... ಅದನ್ನ ಹೇಗೆ ಸರಿ ಮಾಡ್ಲಿ ಅಂತ ಗೊತ್ತಾಗ್ತಿಲ್ಲ. ಈಗ ಮುಚ್ಚಳ ಎಲ್ಲ ಬದಲಾಯಿಸಿದೀವಿ. ನೋಡಿ!"

ಚೀಲದಿಂದ ಎರಡು ಬಾಟಲಿ ತೆಗೆದು ಅವನ ಮುಂದೆ ಹಿಡಿದಳು.

ಅವನು ಬಾಟಲಿ ನೋಡಲಿಲ್ಲ. ನೆಲ ನೋಡಿದ.

"ನನಗೆ ಅವತ್ತು ಸಂಜೇನೇ ಗೊತ್ತಾಯ್ತು ಮೇಡಂ."

"ಏನು?"

"ಇಲ್ಲಿಗೆ ವಾಪಸ್ ಬಂದು ಉಳಿದಿದ್ದ ಇನ್ನೊಂದು ಬಾಟಲಿ ಓದಿದೆ. ನೀಲಿ ಮುಚ್ಚಳದ ಕೆಳಗೆ ಕೊನೆಯ ಹಂತ ಅಂತ ಬರೆದಿತ್ತು. ಇಷ್ಟು ವರ್ಷದಿಂದ ಇದೇ ಕೆಲಸ ಮಾಡೋನು, ನಾಲ್ಕು ಅಕ್ಷರ ಓದದೆ ನಿಮ್ಮ ಆಫೀಸಿಗೆ ಬಂದು, ಅಷ್ಟು ಜನರ ಮುಂದೆ ನಿಮ್ಮ ಮೇಲೆ ಕೂಗಾಡಿದೆ. ಯಾವ ಮುಖ ಇಟ್ಕೊಂಡು ಫೋನ್ ಎತ್ಲಿ?"

"ಅದಕ್ಕೆ ಬೇರೆ ನಂಬರಿಂದ ಮಾಡಿ ಸುಮ್ನೆ ಇರ್ತಿದ್ರಾ?"

ಅವನ ಕಿವಿ ಕೆಂಪಾಯಿತು. "ಕ್ಷಮಿಸಿ ಅನ್ನೋಣ ಅಂತ ಮಾಡ್ತಿದ್ದೆ. ನೀವು ಹಲೋ ಅಂದ ತಕ್ಷಣ ಬಾಯಿ ಕಟ್ಟಿಹೋಗ್ತಿತ್ತು."

ಅರಳುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವರಿಗೆ ಕೋಪವೆಂದು ನಾನು ಒದ್ದಾಡಿದೆ. ನನಗೆ ನೋವಾಯಿತೆಂದು ಇವರು ಒದ್ದಾಡಿದರು. ನಡುವೆ ಆ ಫೋನಿಗೆ ಮಾತ್ರ ಸುಮ್ಮನೆ ಕೆಲಸ!

"ಕಾರು ಯಾವಾಗ ಕೊಡ್ಬೇಕು?" ಎಂದಳು, ಮೂಗೊರೆಸಿಕೊಳ್ಳುತ್ತ.

"ಟೀಚರಮ್ಮ ನಿನ್ನೆ ತಾನೇ ಮತ್ತೆ ತಂದುಬಿಟ್ರು, ಮಧ್ಯಾಹ್ನ ಬರ್ತಾರೆ. ಇನ್ನೂ ಎರಡು ಬಾಗಿಲು ಬಾಕಿ."

"ನನಗೂ ಒಂದು ಬಟ್ಟೆ ಕೊಡಿ."

"ನೀವಾ? ಬೇಡ ಮೇಡಂ, ಕೈ ನೋಯುತ್ತೆ."

"ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಟ್ಟಿದ್ದೇ ಆಯ್ತು, ಒಂದು ದಿನವೂ ಮಾಡಿ ನೋಡಿಲ್ಲ. ನೋಯ್ಲಿ ಬಿಡಿ."

ಅವನು ನಕ್ಕ. ಆ ನಗುವನ್ನು ಅವಳು ಫೋನಿನಲ್ಲಿ ಎಷ್ಟು ಸಲ ಕೇಳಿರಲಿಲ್ಲ! ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಮಾತ್ರ ಈಗಲೇ ಗೊತ್ತಾದದ್ದು. ಅವಳು ತಟ್ಟನೆ ಬೇರೆ ಕಡೆ ನೋಡಿದಳು.

"ಬಟ್ಟೆ ಆ ಬೀರುವಿನಲ್ಲಿದೆ," ಎಂದವನು ಮರುಕ್ಷಣವೇ ಗಾಬರಿಯಾದ. "ಅಲ್ಲ, ತಡೀರಿ, ನಾನೇ ತರ್ತೀನಿ! ಮೇಡಂ, ಅದನ್ನ ತೆಗೀಬೇಡಿ..."

ಅಷ್ಟರಲ್ಲಿ ಅವಳು ತೆಗೆದಾಗಿತ್ತು.

ಬೀರುವಿನ ತುಂಬ ಡಬ್ಬಿಗಳು. ಹಳೆಯ 'ಕನ್ನಡಿ' ಡಬ್ಬಿಗಳು. ನೀಲಿ ಸಾಲು, ಕೆಂಪು ಸಾಲು, ಒಂದರ ಹಿಂದೆ ಒಂದು, ಮೇಲಿನ ಹಲಗೆಯಿಂದ ಕೆಳಗಿನವರೆಗೂ. ಅಂಟಿಸಿದ ಚೀಟಿಗಳಲ್ಲಿ ಅವಳದೇ ಅಕ್ಷರ. ಒಂದರ ಮುಚ್ಚಳವೂ ತೆರೆದಿರಲಿಲ್ಲ.

ಅವಳು ಒಂದನ್ನು ಕೈಗೆತ್ತಿಕೊಂಡಳು. ಭಾರವಾಗಿತ್ತು. ತುಂಬಿತ್ತು.

"ಇದೇನು... ಇಷ್ಟೊಂದು ಹಾಗೇ ಇದೆ?"

ಅವನಿಗೆ ಓಡಿಹೋಗಲು ಜಾಗವಿರಲಿಲ್ಲ. ಕಾರಿಗೆ ಒರಗಿ ನಿಂತ.

"ನಂದು ಸಣ್ಣ ಶೆಡ್ಡು ಮೇಡಂ. ತಿಂಗಳಿಗೆ ಒಂದು ಜೊತೆ ಡಬ್ಬಿ ಸಾಕು."

"ಮತ್ತೆ ವಾರ ವಾರ ಆರ್ಡರ್ ಕೊಡ್ತಿದ್ರಲ್ಲ?"

"ಏನಾದ್ರೂ ಕಾರಣ ಬೇಕಿತ್ತಲ್ಲ," ಎಂದ. "ಸುಮ್ನೆ ಫೋನ್ ಮಾಡಿದ್ರೆ ನೀವೇನು ತಿಳ್ಕೊಳ್ತಿದ್ರಿ?"

ಶೆಡ್ಡಿನೊಳಗೆ ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಇಷ್ಟು ದಿನ ಕುಣಿಯುತ್ತಿದ್ದ ಅವಳ ಕಾಲು ನಿಂತಲ್ಲೇ ನಿಂತಿತ್ತು.

"ಇಷ್ಟು ಹಳೇ ಡಬ್ಬಿ ಇಟ್ಕೊಂಡು," ಎಂದಳು ತಡವರಿಸುತ್ತ, "ಟೀಚರಮ್ಮನ ಕಾರಿಗೆ ಹೊಸದನ್ನ ಯಾಕೆ ಹಾಕಿದ್ರಿ? ಇದರಲ್ಲೊಂದು ತೆಗೆದಿದ್ರೆ ಏನೂ ಆಗ್ತಿರ್ಲಿಲ್ವಲ್ಲ?"

"ನೀವು ಹೇಳಿದ್ರಲ್ಲ, ನೀವೇ ಮೊದಲು ಹಾಕಿ ನೋಡಿ ಹೇಳ್ಬೇಕು ಅಂತ." ಅವನು ಅವಳನ್ನು ನೇರವಾಗಿ ನೋಡಿದ. "ನೀವು ನನ್ನ ಹತ್ರ ಏನಾದ್ರೂ ಕೇಳಿದ್ದು ಅದೇ ಮೊದಲು."

ಅವಳಿಗೆ ಕಣ್ಣು ತುಂಬಿ ಬಂತು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು.

ಆಮೇಲೆ ಇಬ್ಬರೂ ಎರಡೆರಡು ಬಟ್ಟೆ ಹಿಡಿದು ಒಂದೊಂದು ಬಾಗಿಲಿಗೆ ಕೂತರು. ಒತ್ತಬೇಡಿ, ಬಿಡಬೇಡಿ, ಸಣ್ಣ ಸಣ್ಣ ಸುತ್ತು ಹಾಕಿ ಎಂದು ಅವನು ಹೇಳುತ್ತಿದ್ದ. ಅದನ್ನೆಲ್ಲ ನಿಮಗೆ ಹೇಳಿಕೊಟ್ಟಿದ್ದೇ ನಾನು ಎಂದು ಅವಳು ರೇಗುತ್ತಿದ್ದಳು. ಮೊದಲ ಹಂತ ಮುಗಿದಾಗ ಅವಳು ಕೈ ಚಾಚಿದಳು. ಅವನು ತಡಕಾಡದೆ ಕೆಂಪು ಮುಚ್ಚಳದ ಬಾಟಲಿ ಅವಳ ಕೈಗಿಟ್ಟ.

"ಓದಿದ್ರಾ?" ಎಂದಳು.

"ಓದಿಲ್ಲ. ನೀವು ಬದಲಾಯಿಸಿದೀವಿ ಅಂದ್ರಲ್ಲ."

"ಅಯ್ಯೋ, ಓದ್ರೀ!"

ಅವನು ಕಣ್ಣು ಕಿರಿದು ಮಾಡಿ, ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ. "ಹೊಳಪು. ಕೊನೆಯ ಹಂತ."

ಹೊತ್ತು ನೆತ್ತಿಗೇರುವಾಗ ಟೀಚರಮ್ಮ ಬಂದರು. ಕೊಡೆಯನ್ನು ಊರುಗೋಲಿನಂತೆ ಊರಿಕೊಂಡು ಬಂದ ಗಟ್ಟಿ ಹೆಂಗಸು. ಮಾತೇ ಆಡದೆ, ಹೊರಗೆ ತೆಗೆ ಎಂದು ಕೈಸನ್ನೆ ಮಾಡಿದರು. ಕಾರು ಬಿಸಿಲಿಗೆ ಬಂತು. ಅರಳು ಉಗುರು ಕಚ್ಚುತ್ತ ನಿಂತಳು.

ಟೀಚರಮ್ಮ ಬಗ್ಗಿ ನೋಡಿದರು. ಒಂದು ಸುತ್ತು ಬಂದರು. ಅವಳು ಉಜ್ಜಿದ ಬಾಗಿಲ ಮುಂದೆ ನಿಂತು ತಮ್ಮ ಕೂದಲು ಸರಿಮಾಡಿಕೊಂಡರು.

"ಹ್ಞಾಂ. ಸುಕ್ಕು ಹೋಯ್ತು," ಎಂದರು. ಆಮೇಲೆ ಅವಳ ಕೈಗೆ ಮೆತ್ತಿದ ಬಿಳಿ ಪುಡಿಯನ್ನೂ, ಅವನ ಮುಖವನ್ನೂ ನೋಡಿದರು. "ಫೋನಿನ ಹುಡುಗಿ ಇವಳೇನಾ?"

"ಟೀಚರಮ್ಮ!"

"ಯಾಕೋ ಬಾಯಿ ಮುಚ್ಚಿಸ್ತೀಯಾ? ಸ್ಟಿಯರಿಂಗ್ ಕಲಿಯೋವಾಗ ನೀನು ಅರ್ಧ ಗಂಟೆ ಹೆದರಿ ಬ್ರೇಕ್ ಮೇಲೇ ಕಾಲಿಟ್ಟಿದ್ದೆ. ಇನ್ನೂ ತೆಗೆದ ಹಾಗಿಲ್ಲ!"

ಕಾರು ಹೋಯಿತು. ರಸ್ತೆಯ ತಿರುವಿನವರೆಗೂ ಹೊಳೆಯುತ್ತಲೇ ಹೋಯಿತು. ಶೆಡ್ಡಿನ ಮುಂದೆ ಇಬ್ಬರೇ ಉಳಿದರು. ಅವಳ ಫೋನು ಸದ್ದಾಯಿತು. ಅಕ್ಕ. 'ಒಬ್ಬರು ಬಾಟಲಿ ಚೆನ್ನಾಗಿದೆ ಅಂದ್ರು! ಅಪ್ಪಂಗೆ ನಂಬಿಕೆ ಬರ್ತಿಲ್ಲ' ಎಂದು ಕಳಿಸಿದ್ದಳು. ಅರಳು ನಕ್ಕು ಫೋನನ್ನು ಚೀಲಕ್ಕೆ ಹಾಕಿದಳು.

"ಆ ಬೀರು ಖಾಲಿ ಆಗೋಕೆ ವರ್ಷಗಟ್ಟಲೆ ಬೇಕು," ಎಂದಳು, ಅವನ ಕಡೆ ನೋಡದೆ. "ಅಂದ್ರೆ ಇನ್ನು ಆರ್ಡರ್ ಇಲ್ಲ."

"ಇಲ್ಲ."

"ಫೋನೂ ಇಲ್ಲ?"

"ಇದೆ," ಎಂದ. "ವಾರಕ್ಕೊಂದು ಸಲ ಸಾಲಲ್ಲ. ದಿನಾ ಮಾಡ್ತೀನಿ, ಏನೂ ಬೇಕಾಗಿಲ್ಲ ಅಂತ ಹೇಳೋಕೆ."

"ಏನೂ ಬೇಕಾಗಿಲ್ವಾ?"

ಅವನು ಉಸಿರೆಳೆದುಕೊಂಡ. ಬ್ರೇಕಿನ ಮೇಲಿಂದ ಕಾಲು ತೆಗೆದ.

"ನೀವು ಬೇಕು."

ಅವಳು ಬಾಯಿ ತೆರೆದಳು. ಊರಿಗೆಲ್ಲ ಉತ್ತರ ಕೊಡುವ ಬಾಯಿಗೆ ಒಂದಕ್ಷರ ಬರಲಿಲ್ಲ. ಬಿಳಿ ಪುಡಿ ಮೆತ್ತಿದ ಅವನ ಬೆರಳುಗಳನ್ನು, ಬಿಳಿ ಪುಡಿ ಮೆತ್ತಿದ ತನ್ನ ಬೆರಳುಗಳಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ಅವನು ಬಾಗಿ, ಮೆತ್ತಗೆ ಕೇಳಿದ.

"ಗಂಟಲು ಹೇಗಿದೆ, ಮೇಡಂ?"

"ಕಟ್ಟಿಹೋಗಿದೆ..." ಎಂದಳು ಅರಳು, ಅಳುತ್ತ, ನಗುತ್ತ. "ಇನ್ನು ಮೇಡಂ ಅನ್ಬೇಡಿ."